ಎರಡು ಡಿಸ್ಕು, ಒಂದು ಗಂಟಲು

ನನ್ನ ತಮ್ಮಂದಿರಿಬ್ಬರಿಗೂ ಕಂಪ್ಯೂಟರ್ ಗೊತ್ತು ಎಂದು ನಮ್ಮ ಮನೆಯಲ್ಲಿ ಒಂದು ನಂಬಿಕೆ ಇತ್ತು. ಅದನ್ನು ಹುಟ್ಟಿಸಿದವರೂ ಅವರೇ, ಸಾಕಿದವರೂ ಅವರೇ. ದೊಡ್ಡವನು ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಗಿರಾಕಿಗಳ ಕಣ್ಣಿನ ನಂಬರನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾನೆ, ಅಷ್ಟಕ್ಕೇ ತಾನು ಅರ್ಧ ಇಂಜಿನಿಯರ್ ಎಂದುಕೊಂಡಿದ್ದಾನೆ. ಚಿಕ್ಕವನು ಲಿಫ್ಟ್ ರಿಪೇರಿ ಮಾಡುವವನು. ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದರೆ ಸಾಕು, ಉಳಿದರ್ಧ ಇಂಜಿನಿಯರ್ ತಾನೇ ಎನ್ನುತ್ತಾನೆ. ಎರಡು ಅರ್ಧ ಸೇರಿದರೆ ಒಂದು ಆಗಬೇಕಲ್ಲವೆ? ನಮ್ಮ ಮನೆಯಲ್ಲಿ ಆಗುವುದಿಲ್ಲ.

ಅಮ್ಮ ದೊಡ್ಡವನನ್ನು ದೊಡ್ಡು ಎಂದೂ ಚಿಕ್ಕವನನ್ನು ಪಾಪು ಎಂದೂ ಕರೆಯುತ್ತಿದ್ದಳು. ಪಾಪುವಿಗೆ ಈಗ ಮೂವತ್ತೊಂಬತ್ತು, ನೆತ್ತಿ ಬೋಳಾಗಿದೆ, ಇಬ್ಬರು ಮಕ್ಕಳಿದ್ದಾರೆ. ಆದರೂ ಬೀದಿಯ ಆ ತುದಿಗೆ ಕೇಳುವ ಹಾಗೆ ಅಮ್ಮ ‘ಪಾಪೂ’ ಎಂದು ಕೂಗಿದರೆ ಅವನು ನಾಚಿಕೆ ಬಿಟ್ಟು ಓಗೊಡುತ್ತಿದ್ದ. ಅವರಿಬ್ಬರಿಗೂ ನಾನು ಅಕ್ಕ. ಅಮ್ಮನ ಜೊತೆ ನಾನೇ ಇರುವುದು. ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ತಮ್ಮಂದಿರ ಮನೆಗಳು ಅಕ್ಕಪಕ್ಕದ ಬೀದಿಗಳಲ್ಲಿವೆ. ಬೇಕೆಂದಾಗ ಬರುವುದಕ್ಕೆ ಹತ್ತಿರ, ಬೇಡವೆಂದಾಗ ಬರದಿರುವುದಕ್ಕೆ ದೂರ.

ಅಮ್ಮನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಾಗ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಧ್ವನಿಪೆಟ್ಟಿಗೆ ತೆಗೆಯಲೇಬೇಕು, ಐದು ವಾರ ಬಿಟ್ಟು ಆಪರೇಷನ್, ಆಮೇಲೆ ಜೀವಕ್ಕೆ ಭಯವಿಲ್ಲ, ಮಾತು ಮಾತ್ರ ಇರುವುದಿಲ್ಲ ಎಂದರು. ಬೇರೆ ಯಾರ ಮನೆಯಲ್ಲಾದರೂ ಜೀವ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರೇನೋ. ನಮ್ಮಮ್ಮ ಬೆಳಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುವವಳು. ಪೇಪರ್ ಎಸೆದು ಹೋದವನಿಂದ ಹಿಡಿದು ಸೋರುವ ನಲ್ಲಿಯವರೆಗೆ ಎಲ್ಲರಿಗೂ ಮಂಗಳಾರತಿ ಎತ್ತಿ, ಹತ್ತು ಗಂಟೆಯೊಳಗೆ ಅವರನ್ನೇ ಮತ್ತೆ ‘ತಿಂಡಿ ಆಯ್ತಾ’ ಎಂದು ವಿಚಾರಿಸಿಕೊಳ್ಳುವವಳು. ಆ ದಿನ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳು ಒಂದೇ ಒಂದು ಮಾತಾಡಲಿಲ್ಲ. ನನಗೆ ಭಯವಾದದ್ದು ಆಗ.

ದಾರಿ ತೋರಿಸಿದವರು ಆಸ್ಪತ್ರೆಯ ಮಾತಿನ ಚಿಕಿತ್ಸೆಯ ಮೇಡಂ. ಅಮ್ಮನ ದನಿ ಇರುವಾಗಲೇ ಅವಳಿಂದ ವಾಕ್ಯಗಳನ್ನು ಓದಿಸಿ ಧ್ವನಿಮುದ್ರಣ ಮಾಡಿಟ್ಟುಕೊಂಡರೆ, ಆಮೇಲೆ ಒಂದು ಯಂತ್ರಕ್ಕೆ ಅದನ್ನು ಕಲಿಸಬಹುದಂತೆ. ಅಮ್ಮ ಬೇಕಾದ್ದನ್ನು ಟೈಪ್ ಮಾಡಿದರೆ ಯಂತ್ರ ಅವಳದೇ ದನಿಯಲ್ಲಿ ಹೇಳುತ್ತದಂತೆ.

“ಕಮ್ಮಿ ಅಂದ್ರೂ ಸಾವಿರ ವಾಕ್ಯ ಬೇಕು, ಪೂರ್ತಿ ಪೂರ್ತಿ ವಾಕ್ಯ,” ಎಂದರು ಮೇಡಂ. “ಜೊತೆಗೆ ದಿನಾ ಬಳಸೋ ಬಿಡಿ ಮಾತುಗಳನ್ನೂ ಹೇಳಿಸಿ. ಹೆಸರು ಹಿಡಿದು ಕರೆಯೋದು, ಹೌದು, ಬೇಡ, ಅಂಥವು. ಅವನ್ನ ಹಾಗೇ ಬಟನ್‌ಗೆ ಹಾಕಿಕೊಡ್ತೀನಿ. ಒಂದು ಒಳ್ಳೆ ಮೈಕ್ ಇರಲಿ. ಯಾವ ಕಂಪ್ಯೂಟರ್ ಆದ್ರೂ ನಡೆಯುತ್ತೆ.”

ಈ ‘ಯಾವ ಕಂಪ್ಯೂಟರ್ ಆದ್ರೂ’ ಎಂಬ ಮಾತು ನನ್ನ ತಮ್ಮಂದಿರ ಕಿವಿಗೆ ಬೀಳಲೇ ಇಲ್ಲ. ನನ್ನ ಬಳಿ ಒಂದು ಹಳೇ ಲ್ಯಾಪ್‌ಟಾಪ್ ಇತ್ತು, ಅಳತೆಗಳನ್ನು ಬರೆದಿಟ್ಟುಕೊಳ್ಳುವುದಕ್ಕೆ. ಅದನ್ನು ಮೇಜಿನ ಮೇಲೆ ತಂದಿಟ್ಟೆ. ಇಬ್ಬರೂ ಅದನ್ನು ಸತ್ತ ಇಲಿಯನ್ನು ನೋಡುವ ಹಾಗೆ ನೋಡಿದರು.

“ಅಕ್ಕ, ಅಮ್ಮನ ದನಿ ಇದು. ಹುಡುಗಾಟ ಅಲ್ಲ,” ಎಂದ ದೊಡ್ಡು.

“ನಾವೇ ಒಂದು ಕಟ್ತೀವಿ, ಅಕ್ಕ,” ಎಂದ ಪಾಪು. “ಅಂಗಡೀಲಿ ರೆಡಿ ಸಿಗೋದೆಲ್ಲ ಡಬ್ಬಾ.”

ನಾಲ್ಕು ವರ್ಷದಿಂದ ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡದವರು, ನಡುವೆ ಏನಾದರೂ ಹೇಳುವುದಿದ್ದರೆ ನನ್ನ ಮೂಲಕ ಹೇಳಿ ಕಳುಹಿಸುವವರು, ಒಂದೇ ಮೇಜಿಗೆ ಬಂದರಲ್ಲ ಎಂದು ಅಮ್ಮನಿಗೆ ಖುಷಿಯೋ ಖುಷಿ. “ಕಟ್ಲಿ ಬಿಡೇ ಪುಟ್ಟಿ, ಈ ನೆಪದಲ್ಲಾದ್ರೂ ಮುಖ ನೋಡ್ಕೊಳ್ಳಲಿ,” ಎಂದಳು ನನಗೆ. ಅವಳ ದನಿ ಆಗಲೇ ಸ್ವಲ್ಪ ಒಡೆಯುತ್ತಿತ್ತು. ನಾನು ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಊಟದ ಮೇಜು ಕಾರ್ಖಾನೆಯಾಯಿತು. ನಾವು ಹತ್ತು ದಿನ ನೆಲದ ಮೇಲೆ ಕೂತು ಊಟ ಮಾಡಿದೆವು. ಕಂಪ್ಯೂಟರಿನ ಕಪ್ಪು ಕ್ಯಾಬಿನೆಟ್ ಒಂದು ಬಂತು, ಅದರ ಹೊಟ್ಟೆಯಲ್ಲಿ ನೀಲಿ ದೀಪ ಉರಿಯುವ ಮೂರು ಫ್ಯಾನುಗಳು. ಅಮ್ಮ ವಾಕ್ಯ ಓದುವುದಕ್ಕೂ ನೀಲಿ ದೀಪಕ್ಕೂ ಏನು ಸಂಬಂಧ ಎಂದು ಕೇಳಿದೆ. ಗಾಳಿ ಚೆನ್ನಾಗಿ ಆಡುತ್ತೆ ಎಂದ ದೊಡ್ಡು. ಮದರ್‌ಬೋರ್ಡನ್ನು ಪಾಪು ಕೂರಿಸಿದ, ಸ್ಕ್ರೂ ಸರಿಯಾಗಿಲ್ಲ ಎಂದು ದೊಡ್ಡು ಬಿಚ್ಚಿದ, ಬಿಚ್ಚಿದ್ದು ಯಾಕೆ ಎಂದು ಪಾಪು ಮತ್ತೆ ಬಿಗಿದ. ಅದೇ ನಾಲ್ಕು ಸ್ಕ್ರೂ ಮೂರು ದಿನ ತಿರುಗಿದವು. ಇಬ್ಬರೂ ವಿಡಿಯೊ ನೋಡಿ ಕಲಿತವರು, ಆದರೆ ಬೇರೆ ಬೇರೆ ವಿಡಿಯೊ. ಅಮ್ಮ ಪಕ್ಕದಲ್ಲಿ ಕೂತು ಇಬ್ಬರಿಗೂ ಟೀ ಕೊಡುತ್ತ, ಇಬ್ಬರನ್ನೂ ಬೈಯುತ್ತ, ಮುಖವರಳಿಸಿಕೊಂಡಿದ್ದಳು.

ಆಮೇಲೆ ಹಾರ್ಡ್ ಡಿಸ್ಕಿನ ಸರದಿ. ಒಬ್ಬೊಬ್ಬರು ಒಂದೊಂದು ತಂದರು, ಒಂದೇ ಕಂಪನಿಯದು, ಒಂದೇ ಅಳತೆಯದು. ಯಾರದೂ ಹೆಚ್ಚಾಗಬಾರದು, ಯಾರದೂ ಕಮ್ಮಿಯಾಗಬಾರದು. ಎರಡನ್ನೂ ಜೋಡಿಸುವುದಕ್ಕೆ ಎರಡು ದಾರಿ ಇವೆಯಂತೆ. ಮೊದಲನೆಯದರಲ್ಲಿ ಒಂದು ಡಿಸ್ಕಿಗೆ ಹೋದದ್ದರ ನಕಲು ಇನ್ನೊಂದಕ್ಕೂ ಹೋಗುತ್ತದೆ. ಒಂದು ಕೈಕೊಟ್ಟರೂ ಇನ್ನೊಂದರಲ್ಲಿ ಎಲ್ಲ ಇರುತ್ತದೆ. ಎರಡನೆಯದಕ್ಕೆ ಸ್ಟ್ರೈಪ್ ಎನ್ನುತ್ತಾರೆ. ಅದರಲ್ಲಿ ಬಂದದ್ದನ್ನೆಲ್ಲ ತುಂಡು ತುಂಡು ಮಾಡಿ, ಒಂದು ತುಂಡು ಇದಕ್ಕೆ, ಮುಂದಿನದು ಅದಕ್ಕೆ, ಮತ್ತೆ ಇದಕ್ಕೆ ಎಂದು ಹಂಚುತ್ತದೆ. ಎರಡೂ ಕೈ ಸೇರಿ ಕೆಲಸ ಮಾಡಿದ ಹಾಗೆ ವೇಗ ಇಮ್ಮಡಿಯಾಗುತ್ತದೆ.

“ಒಂದು ಕೆಟ್ರೆ?” ಎಂದೆ ನಾನು. ಹೊಲಿಯುವವಳು ನಾನು. ಕತ್ತರಿಸಿದ ಬಟ್ಟೆಯಲ್ಲಿ ಅರ್ಧ ಒಂದು ಗಂಟಿನಲ್ಲಿ, ಅರ್ಧ ಇನ್ನೊಂದು ಗಂಟಿನಲ್ಲಿ ಇಟ್ಟು ಒಂದು ಗಂಟು ಕಳೆದರೆ ಅಂಗಿ ಆಗುವುದಿಲ್ಲ ಎನ್ನುವುದು ನನಗೆ ಗೊತ್ತು.

“ಹೊಸಾ ಡಿಸ್ಕ್ ಯಾಕೆ ಕೆಡುತ್ತೆ ಅಕ್ಕ,” ಎಂದ ಪಾಪು.

“ನಕಲು ಇಡೋದೇ ವಾಸಿ ಅಲ್ವೇನೋ?”

ಅಲ್ಲಿ ನೋಡಿ ಬಂತು ಮಾತು. ನಕಲು ಎಂದರೆ ಯಾವುದು ಅಸಲು, ಯಾವುದು ನಕಲು? ದೊಡ್ಡು ಹೇಳಿದ, ಮೊದಲನೇ ತಂತಿಗೆ ತನ್ನದಿರಲಿ, ಎರಡನೆಯದಕ್ಕೆ ಪಾಪುವಿನದು. ಪಾಪುವಿನ ಮುಖ ಊದಿಕೊಂಡಿತು. “ಹುಟ್ಟಿದಾಗಿಂದ ನಿನ್ನ ಹಳೇ ಅಂಗಿ ಹಾಕ್ಕೊಂಡು ಬೆಳೆದೆ ನಾನು. ಈಗ ನನ್ನ ಡಿಸ್ಕೂ ನಿಂದಕ್ಕೆ ನಕಲಾಗ್ಬೇಕಾ?” ಎಂದ. ಎರಡೂ ಒಂದೇ ಕಣ್ರೋ, ಅದರಲ್ಲಿ ದೊಡ್ಡದು ಚಿಕ್ಕದು ಇಲ್ಲ ಎಂದು ಆ ವಿಡಿಯೊದವನೂ ಹೇಳಿದ್ದ, ನಾನೂ ಹೇಳಿದೆ. ಕೇಳುವವರು ಯಾರು? ಸ್ಟ್ರೈಪ್ ಮಾಡಿದರೆ ಸಮಪಾಲು, ಯಾರೂ ಯಾರಿಗೂ ನಕಲಲ್ಲ. ಹೀಗೆ ನಮ್ಮಮ್ಮನ ದನಿಯನ್ನು ಇಡುವ ಜಾಗ ತೀರ್ಮಾನವಾಯಿತು. ಊರಿಗೆಲ್ಲ ಮಾತ್ರ ‘ಸ್ಪೀಡ್‌ಗೋಸ್ಕರ’ ಎಂದರು. ಅಲ್ಲ, ಎಪ್ಪತ್ತೆರಡು ವರ್ಷದ ಹೆಂಗಸು ಕನ್ನಡಕ ಸರಿಮಾಡಿಕೊಂಡು, ಕೆಮ್ಮಿ, ಒಂದು ವಾಕ್ಯ ಓದುವುದಕ್ಕೆ ಎಂಥ ಸ್ಪೀಡ್ ಬೇಕಪ್ಪ?

ತುಂಡು ಎಷ್ಟು ದೊಡ್ಡದಿರಬೇಕು ಎಂಬುದರ ಮೇಲೆ ಎರಡು ದಿನ ಹೋಯಿತು. ಪಾಪು ಚಿಕ್ಕದು ಎಂದ, ದೊಡ್ಡು ದೊಡ್ಡದು ಎಂದ. ಕೊನೆಗೆ ಅಮ್ಮನೇ, “ದೊಡ್ಡದೇ ಇಡ್ರೋ, ನಾನು ಸಾಯೋದ್ರೊಳಗೆ ಮುಗಿಸಿ,” ಎಂದು ಪಂಚಾಯಿತಿ ಮುಗಿಸಿದಳು. ಆಮೇಲೆ ಫಾರ್ಮ್ಯಾಟ್, ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಅಣಿಮಾಡುವುದು. ಒಂದು ಗುಂಡಿ ಒತ್ತಿದರೆ ನಿಮಿಷದಲ್ಲಿ ಮುಗಿಯುವ ಬಗೆಯೂ ಇತ್ತು. ಪಾಪು ಒಪ್ಪಲಿಲ್ಲ. ಕ್ವಿಕ್ ಫಾರ್ಮ್ಯಾಟ್ ಅಂದರೆ ಕಸ ಗುಡಿಸದೆ ಚಾಪೆ ಹಾಸಿದ ಹಾಗಂತೆ. ತಾನು ಏನು ಮಾಡಿದರೂ ಬುಡದಿಂದ ತೊಳೆದು ಮಾಡುವವನಂತೆ. ಪರದೆಯ ಮೇಲೆ ಹಸಿರು ಗೆರೆಯೊಂದು ಬೆಳಗ್ಗೆಯಿಂದ ಸಂಜೆಯವರೆಗೆ ತೆವಳಿತು. ಇಬ್ಬರೂ ಕೈಕಟ್ಟಿ ಅದರ ಮುಂದೆ ಕೂತಿದ್ದರು, ತಾವೇ ತಳ್ಳುತ್ತಿದ್ದೇವೆ ಎನ್ನುವ ಗತ್ತಿನಲ್ಲಿ. ಐದು ವಾರದಲ್ಲಿ ಹತ್ತು ದಿನ ಗೋತಾ.

ಉಳಿದ ದಿನಗಳಲ್ಲಿ ಅಮ್ಮ ಓದಿದಳು. ನನ್ನ ಹೊಲಿಗೆ ಕೋಣೆಯ ಕಿಟಕಿಗೆ, ಬಾಗಿಲಿಗೆ ಹೊದಿಕೆಗಳನ್ನು ನೇತುಹಾಕಿ, ಸದ್ದು ಬಾರದ ಹಾಗೆ ಮಾಡಿ, ಮೈಕಿನ ಮುಂದೆ ಕೂರಿಸಿದೆವು. ಮೇಡಂ ಕೊಟ್ಟ ಪಟ್ಟಿಯ ಮೊದಲ ವಾಕ್ಯ, ‘ಇಂದು ಹವಾಮಾನ ಆಹ್ಲಾದಕರವಾಗಿದೆ.’ ಅಮ್ಮ ಹಾಳೆಯನ್ನು ಕೆಳಗಿಟ್ಟಳು.

“ಇದನ್ನ ನಾನು ಯಾರಿಗೆ ಹೇಳ್ಲಿ? ಹುಟ್ಟಿದಾಗಿಂದ ಇಂಥ ಮಾತು ಆಡಿಲ್ಲ.”

ಓದು ಅಮ್ಮ, ಯಂತ್ರ ಕಲಿಯೋಕೆ ಬೇಕಂತೆ ಎಂದೆ. ಓದಿದಳು. ಸಾವಿರದ ನೂರ ಎಂಟು ವಾಕ್ಯ ಓದಿದಳು. ಗಂಟಲು ಕಟ್ಟಿದ ದಿನ ಬಿಸಿನೀರು ಕುಡಿದು ಓದಿದಳು, ನೋವಾದ ದಿನ ನೋವಿಲ್ಲ ಎಂದು ಸುಳ್ಳು ಹೇಳಿ ಓದಿದಳು. ಪಟ್ಟಿ ಮುಗಿದ ಮೇಲೆ ತನ್ನ ಸ್ವಂತದ್ದನ್ನು ಸೇರಿಸಿದಳು. ‘ಗೇಟ್ ಹಾಕ್ಕೊಂಡು ಹೋಗೋಕೆ ಏನು ರೋಗ?’ ‘ಉಪ್ಪು ಜಾಸ್ತಿ ಆಗಿದೆ, ಆದ್ರೂ ತಿಂತೀನಿ.’ ‘ಇಬ್ರೂ ಒಟ್ಟಿಗೆ ಬಂದ್ರಾ, ಸೂರ್ಯ ಎಲ್ಲಿ ಹುಟ್ಟಿದ ಇವತ್ತು?’ ಬಿಡಿ ಮಾತುಗಳನ್ನು ಹೇಳುವಾಗ ಅವಳಿಗೆ ಮಜಾ ಬಂತು. ನಮ್ಮ ಹೆಸರುಗಳನ್ನೂ ಕರೆದಳು, ಒಂದೊಂದು ಸಲ. ಪಾಪುವಿನ ಹೆಸರಿಗೆ ಮೈಕನ್ನು ಮರೆತು ಬಾಗಿಲ ಕಡೆ ತಿರುಗಿ ಕೂಗಿಬಿಟ್ಟಳು. ಒಳಗಿನ ಕೋಣೆಯಿಂದ ಅವನು “ಏನಮ್ಮಾ?” ಎಂದು ಓಡಿಬಂದ. ನಾವು ನಾಲ್ವರೂ ನಕ್ಕೆವು. ಅಷ್ಟು ನಕ್ಕಿದ್ದು ಎಷ್ಟು ವರ್ಷದ ಮೇಲೋ.

ಒಂದು ಕಾಪಿಯನ್ನು ನನ್ನ ಲ್ಯಾಪ್‌ಟಾಪಿಗೆ ಹಾಕ್ರೋ ಎಂದು ಎರಡು ಸಲ ಹೇಳಿದೆ. ಮೊದಲು ಕೆಮ್ಮು, ಗೊರಗೊರ ಎಲ್ಲ ತೆಗೆದು ಚೊಕ್ಕ ಮಾಡುತ್ತೇನೆ, ಆಮೇಲೆ ಒಟ್ಟಿಗೆ ಕೊಡುತ್ತೇನೆ ಎಂದ ದೊಡ್ಡು. ಮೂರನೇ ಸಲ ನಾನು ಹೇಳಲಿಲ್ಲ, ಆಪರೇಷನ್ನಿನ ಗಡಿಬಿಡಿಯಲ್ಲಿ ಮರೆತೆ. ಇದೊಂದು ತಪ್ಪನ್ನು ನಾನು ಯಾರ ಮೇಲೂ ಹಾಕುವ ಹಾಗಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಜಗಳವೂ ಅದೇ ವಾರ ಚೆನ್ನಾಗಿ ಆಯಿತು. ಮೇಡಂ ಒಂದು ಫಾರಂ ಕೊಟ್ಟಿದ್ದರು. ಅದರಲ್ಲಿ ‘ಧ್ವನಿಮುದ್ರಣ ಮಾಡಿದವರು’ ಎಂದು ಒಂದು ಗೆರೆ, ಒಂದೇ ಗೆರೆ. ದೊಡ್ಡು ಅದರಲ್ಲಿ ತನ್ನ ಹೆಸರು ಬರೆದ. ಆಸ್ಪತ್ರೆಯ ಬೆಂಚಿನ ಮೇಲೆ ಆ ಫಾರಂ ಪಾಪುವಿನ ಕಣ್ಣಿಗೆ ಬಿತ್ತು.

“ಎಲ್ಲಾ ನೀನೇ ಮಾಡಿದ್ದಾ? ನಾನೇನು ಸ್ಕ್ರೂ ಕಾಯ್ತಾ ಕೂತಿದ್ನಾ?”

“ಒಂದೇ ಹೆಸರು ಹಿಡಿಯೋ ಜಾಗ ಕಣೋ. ದೊಡ್ಡೋನು ಅಂತ ನಾನು ಬರ್ದೆ.”

“ಪಕ್ಕದಲ್ಲಿ ಇನ್ನೊಂದು ಹೆಸರು ಹಿಡಿಸಲ್ವಾ? ನಿನ್ನ ಅಕ್ಷರ ಅಷ್ಟು ದಪ್ಪಾನಾ?”

ಒಳಗೆ ಅಮ್ಮ ಕುತ್ತಿಗೆಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಾಳೆ, ಹೊರಗೆ ಇವರಿಬ್ಬರು ಒಂದು ಗೆರೆಗೆ ಕಚ್ಚಾಡುತ್ತಿದ್ದಾರೆ. ನರ್ಸ್ ಬಂದು ಇಬ್ಬರನ್ನೂ ಆಚೆಗೆ ಅಟ್ಟಿದಳು. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು.

ಮಾರನೇ ದಿನ ದೊಡ್ಡು ಆಸ್ಪತ್ರೆಯಲ್ಲಿದ್ದಾಗ ಪಾಪು ಮನೆಗೆ ಬಂದು ಕ್ಯಾಬಿನೆಟ್ ಬಿಚ್ಚಿ ತನ್ನ ಡಿಸ್ಕನ್ನು ತೆಗೆದುಕೊಂಡು ಹೋದ. ಸಂಜೆ ದೊಡ್ಡು ಬಂದು ಗುಂಡಿ ಒತ್ತಿದರೆ ಕಂಪ್ಯೂಟರ್ ಏಳಲಿಲ್ಲ. ಮುಚ್ಚಳ ತೆಗೆದು ನೋಡಿದ. ಒಂದು ಗೂಡು ಖಾಲಿ. ಹಲ್ಲು ಕಡಿದು ತನ್ನ ಡಿಸ್ಕನ್ನೂ ಕಿತ್ತುಕೊಂಡು ಹೋದ. ನೀಲಿ ದೀಪದ ಫ್ಯಾನುಗಳು ಮಾತ್ರ ನಮ್ಮ ಮನೆಯಲ್ಲಿ ಉಳಿದವು. ನಾನು ಆಗ ಅಮ್ಮನ ಮಂಚದ ಪಕ್ಕದಲ್ಲಿದ್ದೆ, ನನಗೆ ಇದೊಂದೂ ಗೊತ್ತಾಗಲಿಲ್ಲ.

ಈಗ ಬುದ್ಧಿವಂತರ ಬುದ್ಧಿ ನೋಡಿ. ಪಾಪು ತನ್ನ ಮನೆಯಲ್ಲಿ ಆ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಚುಚ್ಚಿದ. ವಾಕ್ಯಗಳಲ್ಲಿ ಅರ್ಧದಷ್ಟು ಇಡಿಯಾಗಿ ತನ್ನಲ್ಲಿ, ಉಳಿದರ್ಧ ಅಣ್ಣನಲ್ಲಿ ಇರುತ್ತವೆ, ಅವನೇ ಕೈಕಾಲು ಹಿಡಿದುಕೊಂಡು ಬರಲಿ ಎಂದು ಅವನ ಲೆಕ್ಕಾಚಾರ. ತುಂಡು ಮಾಡಿ ಹಂಚುತ್ತೆ ಎಂದು ಟೀ ಲೋಟ ಹಿಡಿದುಕೊಂಡು ನಮಗೆ ಪಾಠ ಮಾಡಿದವನೇ ಇವನು! ಡಿಸ್ಕಿನಲ್ಲಿ ಒಂದು ಫೈಲೂ ಕಾಣಿಸಲಿಲ್ಲ. ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳಿತು ಕಂಪ್ಯೂಟರ್. ಪಾಪುವಿಗೆ ಅರ್ಥವಾದದ್ದು ಒಂದೇ: ಅಣ್ಣ ಮೋಸ ಮಾಡಿದ್ದಾನೆ, ಎಲ್ಲವನ್ನೂ ತನ್ನದರಲ್ಲಿ ತುಂಬಿಕೊಂಡು ನನ್ನದನ್ನು ಖಾಲಿ ಬಿಟ್ಟಿದ್ದಾನೆ. ಹೊಟ್ಟೆ ಉರಿದುಹೋಯಿತು. ಹೌದು ಎಂದು ಒತ್ತಿದ. ಅದೂ ಕ್ವಿಕ್ ಅಲ್ಲ. ಬುಡದಿಂದ ತೊಳೆಯುವವನಲ್ಲವೆ, ಇಡೀ ದಿನ ತೊಳೆದ. ತೊಳೆದಾದ ಮೇಲೆ ಲಿಫ್ಟಿನೊಳಗಿನ ಕ್ಯಾಮೆರಾದ ವಿಡಿಯೊಗಳನ್ನು ತುಂಬಿಸಿಟ್ಟ.

ಅದೇ ಹೊತ್ತಿಗೆ ಕನ್ನಡಕದ ಅಂಗಡಿಯಲ್ಲಿ ದೊಡ್ಡುವಿಗೂ ಅದೇ ಪ್ರಶ್ನೆ ಬಂತು, ಅವನಿಗೂ ಅದೇ ಅರ್ಥವಾಯಿತು. ಕಳ್ಳ, ಎಲ್ಲ ಹೊತ್ತುಕೊಂಡು ಹೋಗಿದ್ದಾನೆ. ಆದರೆ ಅವನು ಸಾಕ್ಷಿ ಇಟ್ಟುಕೊಳ್ಳುವ ಜಾತಿ. ಬೇಡ ಎಂದು ಒತ್ತಿ, ಡಿಸ್ಕನ್ನು ಕನ್ನಡಕ ಒರೆಸುವ ಬಟ್ಟೆಯಲ್ಲಿ ಸುತ್ತಿ, ಒಂದು ಡಬ್ಬಿಯಲ್ಲಿಟ್ಟು, ಮೇಲೆ ತಾರೀಖು ಬರೆದು ಬೀರುವಿಗೆ ಬೀಗ ಹಾಕಿದ. ಅಮ್ಮನ ಅರ್ಧ ದನಿ ಉಳಿದದ್ದು ಅಣ್ಣತಮ್ಮಂದಿರ ಪ್ರೀತಿಯಿಂದಲ್ಲ, ದೊಡ್ಡುವಿನ ಹಗೆಯಿಂದ.

ಅಮ್ಮ ಮನೆಗೆ ಬಂದಳು. ಕೊರಳಲ್ಲಿ ಒಂದು ಸ್ಲೇಟು, ಕೈಯಲ್ಲಿ ಸೀಮೆಸುಣ್ಣ. ಎರಡನೇ ವಾರ ಮೇಡಂ ಫೋನ್ ಮಾಡಿ, ರೆಕಾರ್ಡಿಂಗ್ ಎಲ್ಲಿ, ಯಂತ್ರಕ್ಕೆ ಕಲಿಸುವುದಕ್ಕೆ ದಿನ ಹಿಡಿಯುತ್ತೆ ಎಂದರು. ನಾನು ದೊಡ್ಡುವಿಗೆ ಫೋನ್ ಮಾಡಿದೆ.

“ಅವನನ್ನೇ ಕೇಳು. ಎಲ್ಲಾ ಅವನ ಹತ್ರ ಇದೆ.”

ಪಾಪುವಿಗೆ ಮಾಡಿದೆ.

“ಅಣ್ಣಂಗೆ ಕೇಳು. ನನ್ನದು ಖಾಲಿ ಇತ್ತು. ನಾನು ಫಾರ್ಮ್ಯಾಟ್ ಮಾಡಿ ಬೇರೆ ಏನೋ ಹಾಕ್ಕೊಂಡೆ.”

ಅರ್ಧ ಗಂಟೆಯೊಳಗೆ ಎರಡೂ ಡಿಸ್ಕ್ ಈ ಮನೆಯಲ್ಲಿರಬೇಕು, ಇಲ್ಲದಿದ್ದರೆ ನಾನು ನಿಮ್ಮ ಅಕ್ಕನೇ ಅಲ್ಲ ಎಂದು ಇಬ್ಬರಿಗೂ ಹೇಳಿದೆ. ಬಂದರು. ಮುಖ ಆ ಕಡೆ ಈ ಕಡೆ ತಿರುಗಿಸಿಕೊಂಡು ಕೂತರು. ಅಮ್ಮ ಒಳಗಿಂದ ಬಂದು, ಇಬ್ಬರನ್ನೂ ಒಟ್ಟಿಗೆ ನೋಡಿ, ಸ್ಲೇಟಿನ ಮೇಲೆ ‘ಊಟ ಮಾಡ್ಕೊಂಡು ಹೋಗಿ’ ಎಂದು ಬರೆದು ತೋರಿಸಿದಳು. ಅವಳಿಗಿನ್ನೂ ಏನೂ ಗೊತ್ತಿರಲಿಲ್ಲ.

ಅಳಿಸಿದ್ದನ್ನು ತೆಗೆದುಕೊಡುವವರೊಬ್ಬರ ಅಂಗಡಿಗೆ ಮೂವರೂ ಹೋದೆವು. ದಪ್ಪಗಿನ, ಸಮಾಧಾನದ ಮನುಷ್ಯ. ಎರಡೂ ಡಿಸ್ಕನ್ನು ನಾಲ್ಕು ದಿನ ಇಟ್ಟುಕೊಂಡು, ಐದನೇ ದಿನ ನಮ್ಮನ್ನು ಕೂರಿಸಿ ಕೇಳಿದರು.

“ಸ್ಟ್ರೈಪ್ ಮಾಡಿದ ಜೋಡಿಯಿಂದ ಒಂದನ್ನ ತೆಗೆದು ಫಾರ್ಮ್ಯಾಟ್ ಮಾಡಿದ್ದು ಯಾರು?”

ಪಾಪು ಕೈ ಎತ್ತಿದ, ಶಾಲೆಯಲ್ಲಿ ಎತ್ತುವ ಹಾಗೆ.

“ಕ್ವಿಕ್ ಮಾಡಿದ್ರೆ ಏನಾದ್ರೂ ಮಾಡ್ಬಹುದಿತ್ತು. ಇದ್ರಲ್ಲಿ ಸೊನ್ನೆ ಬಿಟ್ರೆ ಲಿಫ್ಟ್ ಇದೆ,” ಎಂದರು ಅವರು. “ಇನ್ನೊಂದು ಡಿಸ್ಕ್ ಚೆನ್ನಾಗಿದೆ, ಆದ್ರೆ ಅದ್ರಲ್ಲಿರೋದು ಒಂದು ಬಿಟ್ಟು ಒಂದು ತುಂಡು. ವಾಕ್ಯ ಯಾವುದೂ ಪೂರ್ತಿ ಇಲ್ಲ. ತುಂಡು ದೊಡ್ಡದಿಟ್ಟಿದ್ರಲ್ಲ, ಅದ್ರಿಂದ ಒಂದೇ ತುಂಡೊಳಗೆ ಹಿಡಿಸಿದ ಪುಟಾಣಿ ಫೈಲುಗಳು ಮಾತ್ರ ಉಳಿದಿವೆ. ಅವುಗಳಲ್ಲೂ ಅರ್ಧ ಆ ಡಿಸ್ಕಲ್ಲೇ ಹೋದವು. ಬಿಡಿ ಮಾತುಗಳು, ನಲವತ್ಮೂರು.”

ಪಾಪು, “ಖಾಲಿ ಅಂತ ತೋರಿಸ್ತು, ಸಾರ್. ಖಾಲಿ ಅಂತಲೇ ತೋರಿಸ್ತು,” ಎಂದು ಎರಡೆರಡು ಸಲ ಹೇಳಿದ. ಆ ಮನುಷ್ಯ ಅವನಿಗೊಂದು ಲೋಟ ನೀರು ಕೊಟ್ಟರು.

ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಬಾಯಿಗೆ ಬಂದ ಹಾಗೆ ಬೈದೆ. ಬೇರೆ ಪ್ರಯಾಣಿಕರು ತಿರುಗಿ ನೋಡಿದರು, ನೋಡಿಕೊಳ್ಳಲಿ ಎಂದು ಇನ್ನೂ ಬೈದೆ. ಅಮ್ಮನಿಗೆ ಯಾರು ಹೇಳಬೇಕು ಎಂದಾಗ ಇಬ್ಬರೂ ನನ್ನ ಮುಖ ನೋಡಿದರು. ನಾನೇ ಹೇಳಿದೆ. ಅಮ್ಮ ಕೇಳಿಸಿಕೊಂಡು, ಸ್ಲೇಟಿನಲ್ಲಿ ‘ಹವಾಮಾನದ್ದೂ ಹೋಯ್ತಾ?’ ಎಂದು ಬರೆದಳು. ಹೋಯ್ತಮ್ಮ ಎಂದೆ. ‘ಪೀಡೆ ತೊಲಗಿತು’ ಎಂದು ಬರೆದು, ಎದ್ದು ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು. ಅಳುವ ಸದ್ದೂ ಬರಲಿಲ್ಲ. ಬರುವುದಕ್ಕೆ ದನಿಯಾದರೂ ಎಲ್ಲಿತ್ತು?

ಇಷ್ಟೇ ಮಾತುಗಳಿಂದ ಯಂತ್ರಕ್ಕೆ ಅಮ್ಮನ ದನಿ ಕಲಿಸುವುದಕ್ಕಾಗುವುದಿಲ್ಲ ಎಂದು ಮೇಡಂ ಕೈಚೆಲ್ಲಿದರು. ಆದರೂ ಒಳ್ಳೆಯವರು. ಉಳಿದ ನಲವತ್ತಮೂರು ಮಾತುಗಳನ್ನು ಒಂದು ಟ್ಯಾಬ್ಲೆಟ್ಟಿನಲ್ಲಿ ನಲವತ್ತಮೂರು ಗುಂಡಿಗಳಾಗಿ ಮಾಡಿಕೊಂಡು ಒಂದು ಮಧ್ಯಾಹ್ನ ಮನೆಗೆ ಬಂದರು. ಮಿಕ್ಕಿದ್ದನ್ನು ಟೈಪ್ ಮಾಡಿದರೆ ಹೇಳುವುದಕ್ಕೆ ಅದರಲ್ಲಿ ಸಿದ್ಧವಾಗಿರುವ ಒಂದು ಹೆಣ್ಣು ದನಿಯೂ ಇತ್ತು. ತಮ್ಮಂದಿರಿಬ್ಬರನ್ನೂ ಬರಹೇಳಿದ್ದೆ. ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದರು.

ಅಮ್ಮ ಮೊದಲ ಗುಂಡಿ ಒತ್ತಿದಳು. “ಬೇಡ.” ನಮ್ಮಮ್ಮನ ದನಿ, ಆ ಸಿಡುಕು, ಕೊನೆಯಲ್ಲಿ ಆ ಗೊರಗೊರ, ಎಲ್ಲ ಹಾಗೇ. ನನಗೆ ಕಣ್ಣು ಮಂಜಾಯಿತು. ಅಮ್ಮ ಒಂದೊಂದಾಗಿ ಒತ್ತಿಕೊಂಡು ಹೋದಳು. “ಸಾಕು.” “ಥೂ.” “ಯಾಕೆ?” “ಬಾ.” “ಆಮೇಲೆ.” “ಸುಮ್ನಿರು.” ಉಳಿದವುಗಳಲ್ಲಿ ಹೆಚ್ಚಿನವು ಬೈಗುಳವೇ. ಮೇಡಂ ನಕ್ಕರು, ಅಮ್ಮನೂ ಸದ್ದಿಲ್ಲದೆ ನಕ್ಕಳು. ಆಮೇಲೆ, “ದೊಡ್ಡೂ!” ದೊಡ್ಡು ಬಹುಮಾನಕ್ಕೆ ಕರೆಸಿಕೊಂಡವನ ಹಾಗೆ ಎದ್ದು ನಿಂತೇಬಿಟ್ಟ. ಅದರ ಮುಂದಿನದು, “ಪುಟ್ಟೀ!” ನನ್ನ ಹೆಸರು ಉಳಿದಿತ್ತು. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ಬೇರೆ ಯಾರದು ಉಳಿಯಿತು, ಯಾರದು ಹೋಯಿತು ಎನ್ನುವ ಯೋಚನೆಯೇ ನನಗೆ ಬರಲಿಲ್ಲ.

ಪಾಪು ಮುಂದಕ್ಕೆ ಬಾಗಿ ಕೂತಿದ್ದ. ಗುಂಡಿಗಳು ಮುಗಿದವು. ಅವನು ಬಂದು ಅಮ್ಮನ ಕೈಯಿಂದ ಟ್ಯಾಬ್ಲೆಟ್ ತೆಗೆದುಕೊಂಡು ಮೇಲಿಂದ ಕೆಳಗೆ ನೋಡಿದ. ಇನ್ನೊಂದು ಪುಟ ಇದೆಯಾ ಎಂದು ತಳ್ಳಿ ನೋಡಿದ. ಮತ್ತೆ ಮೊದಲಿನಿಂದ ಬೆರಳಿಟ್ಟು ಎಣಿಸಿದ.

“ಅಕ್ಕ, ನಂದೆಲ್ಲಿ?”

ಎಷ್ಟೋ ದಿನದಿಂದ ಇವನಿಗೆಂದು ಬೈಗುಳ ಕೂಡಿಟ್ಟಿದ್ದೆ. ಒಂದೂ ನೆನಪಿಗೆ ಬರಲಿಲ್ಲ.

“ನಿನ್ನ ಡಿಸ್ಕಲ್ಲಿತ್ತು ಕಣೋ,” ಎಂದೆ.

ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಮೇಡಂಗೆ ಏನೂ ತೋಚದೆ, “ಪರವಾಗಿಲ್ಲ, ಈ ದನೀಲಿ ಹೇಳಿಸಬಹುದು,” ಎಂದು ಟೈಪ್ ಮಾಡಿ ಒತ್ತಿದರು. ಯಾವಳೋ ಒಬ್ಬಳು, ಬ್ಯಾಂಕಿನ ಕೌಂಟರಿಗೆ ಮುಂದಿನವರನ್ನು ಕರೆಯುವವಳ ಹಾಗೆ, ನಯವಾಗಿ, “ಪಾಪು,” ಎಂದಳು.

ಅಮ್ಮ ಟ್ಯಾಬ್ಲೆಟ್ಟನ್ನು ಕಿತ್ತುಕೊಂಡು ಆರಿಸಿದಳು. ಸ್ಲೇಟಿಗೆ ಕೈ ಹಾಕಿದಳು, ಬಿಟ್ಟಳು. ಬರೆದರೆ ತಲೆ ತಗ್ಗಿಸಿದವನಿಗೆ ಕಾಣುವುದು ಹೇಗೆ? ಎರಡು ಸಲ ಚಪ್ಪಾಳೆ ತಟ್ಟಿದಳು. ಅವನು ತಲೆ ಎತ್ತಲಿಲ್ಲ. ಮತ್ತೆ ತಟ್ಟಿದಳು, ಜೋರಾಗಿ.

“ನಿನ್ನನ್ನೇ ಕಣೋ,” ಎಂದೆ ನಾನು. ಆಗ ಎದ್ದು ಹೋದ. ಅಮ್ಮ ಅವನ ಬೋಳು ನೆತ್ತಿಯ ಮೇಲೆ ಪಟಾರನೆ ಒಂದು ಬಿಟ್ಟು, ಆಮೇಲೆ ಕೈಯನ್ನು ಅಲ್ಲೇ ಇಟ್ಟುಕೊಂಡಳು.

ಈಗ ದೊಡ್ಡುವಿಗೂ ನನಗೂ ಗುಂಡಿ, ಪಾಪುವಿಗೆ ಚಪ್ಪಾಳೆ. ತನಗೆ ಬೇಕೆಂದಾಗ ಮಾತ್ರ ಬರುತ್ತಿದ್ದವನು ಈಗ ದಿನಾ ಕೆಲಸ ಮುಗಿಸಿ ಬಂದು ಕೂರುತ್ತಾನೆ. ನಾನು ಮೆಷಿನ್ ಮುಂದೆ ಕೂತು ಸೊಳ್ಳೆ ಹೊಡೆದರೂ ಒಳಗಿನಿಂದ ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

“ಅಮ್ಮ ಕರೆದಳಾ ಅಕ್ಕ?”

“ಇಲ್ಲ ಕಣೋ,” ಎನ್ನುತ್ತೇನೆ.